ಹುಲ್ಲುಹಾಸಿನ ಜಾಗದಲ್ಲಿ ಹಳದಿ ಹೂವಿನ ಹಾಸು: ಪಿಂಟೋ ಶೇಂಗಾ ಬೆಳೆಸುವ ಬಗೆ

ಬೇಸಿಗೆಯ ಬಿಸಿ ಏರುತ್ತ, ನೀರನ್ನು ಎಣಿಸಿ ಬಳಸಬೇಕಾದ ದಿನಗಳು ಹೆಚ್ಚುತ್ತ ಹೋದಂತೆ ತೋಟದ ಹುಲ್ಲುಹಾಸು ಹಲವರಿಗೆ ಹೊರೆಯೆನಿಸತೊಡಗಿದೆ. ಅದಕ್ಕೆ ಮೇಲಿಂದ ಮೇಲೆ ನೀರು ಹಾಯಿಸಬೇಕು, ಗೊಬ್ಬರ ಕೊಡಬೇಕು, ಚಿಗುರುವ ಕಾಲದಲ್ಲಿ ಬಿಡುವಿಲ್ಲದೆ ಕತ್ತರಿಸುತ್ತಿರಬೇಕು. ಹಾಗೆಂದು ನೆಲವನ್ನು ಬರಿದಾಗಿ ಬಿಟ್ಟರೆ ಬಿಸಿಲಿಗೆ ಮಣ್ಣು ಕಾಯುತ್ತದೆ, ಮಳೆಗೆ ಕೊಚ್ಚಿಹೋಗುತ್ತದೆ, ಉಳಿದ ಕಡೆ ಕಳೆ ತುಂಬುತ್ತದೆ. ಇವೆರಡರ ನಡುವಿನ ದಾರಿ ಹುಡುಕುವವರು ನೆಲಹೊದಿಕೆ ಗಿಡಗಳ ಕಡೆಗೆ ತಿರುಗುತ್ತಾರೆ. ಬೆಚ್ಚನೆಯ ಹವೆಯುಳ್ಳ ಪ್ರದೇಶಗಳಲ್ಲಿ ಇಂಥ ಗಿಡಗಳ ಪೈಕಿ ಮತ್ತೆ ಮತ್ತೆ ಕೇಳಿಬರುವ ಹೆಸರು ಪಿಂಟೋ ಶೇಂಗಾ.

ಈ ಗಿಡವನ್ನು ನೆಟ್ಟು ಆರು ತಿಂಗಳಲ್ಲಿ ಬೇಸತ್ತು ಕಿತ್ತುಹಾಕಿದವರೂ ಇದ್ದಾರೆ, ಹತ್ತಾರು ವರ್ಷ ಅದೇ ಹಾಸನ್ನು ಉಳಿಸಿಕೊಂಡವರೂ ಇದ್ದಾರೆ. ಆ ವ್ಯತ್ಯಾಸ ಹೆಚ್ಚಿನ ಮಟ್ಟಿಗೆ ಗಿಡದ ಸ್ವಭಾವವನ್ನು ಅರಿತು ನೆಟ್ಟರೋ ಇಲ್ಲವೋ ಎಂಬುದರಲ್ಲಿದೆ. ಆದ್ದರಿಂದ ನೆಡುವ ಕ್ರಮಕ್ಕೆ ಹೋಗುವ ಮೊದಲು ಅದು ಹೇಗೆ ಬದುಕುತ್ತದೆ ಎಂಬುದನ್ನು ನೋಡುವುದು ಒಳ್ಳೆಯದು.

ಇದು ಯಾವ ಗಿಡ?

ನಾವು ಹುರಿದು ತಿನ್ನುವ, ಎಣ್ಣೆ ತೆಗೆಯುವ ಶೇಂಗಾ, ಅಂದರೆ ಕಡಲೆಕಾಯಿ ಗಿಡದ ಕುಲದ ಹೆಸರು ಅರಾಚಿಸ್. ಈ ಕುಲದ ತವರು ದಕ್ಷಿಣ ಅಮೆರಿಕ. ಅದರಲ್ಲಿ ಸುಮಾರು 80 ಪ್ರಭೇದಗಳಿದ್ದು, ಬೆಳೆಯಾಗಿ ಬೆಳೆಯುವ ಶೇಂಗಾ ಅವುಗಳಲ್ಲೊಂದು, ಪಿಂಟೋ ಶೇಂಗಾ ಇನ್ನೊಂದು. ಬೆಳೆಯ ಶೇಂಗಾ ವಾರ್ಷಿಕ ಗಿಡ; ಬಿತ್ತಿದ ಕೆಲವೇ ತಿಂಗಳಲ್ಲಿ ಕಾಯಿ ಕೊಟ್ಟು ಅದರ ಬದುಕು ಮುಗಿಯುತ್ತದೆ. ಪಿಂಟೋ ಶೇಂಗಾ ಬಹುವಾರ್ಷಿಕ. ಒಮ್ಮೆ ಬೇರೂರಿದರೆ ವರ್ಷ ವರ್ಷವೂ ಅದೇ ಜಾಗದಲ್ಲಿ ಚಿಗುರುತ್ತ, ಹೂ ಬಿಡುತ್ತ, ಪಕ್ಕಕ್ಕೆ ಹರಡುತ್ತ ಇರುತ್ತದೆ.

ಬ್ರೆಜಿಲ್ ದೇಶದ ಬಹಿಯಾ ರಾಜ್ಯದಲ್ಲಿ, ಜೆಕಿಟಿನ್ಯೋನ್ಯಾ ನದಿಯ ಸಮೀಪ, 1954ರಲ್ಲಿ ಜೆರಾಲ್ಡೋ ಪಿಂಟೋ ಎಂಬ ಸಸ್ಯವಿಜ್ಞಾನಿ ಇದನ್ನು ಸಂಗ್ರಹಿಸಿದರು. ಹೆಸರಿನಲ್ಲಿರುವ ಪಿಂಟೋ ಅವರೇ. ಅಂದು ಸಂಗ್ರಹಿಸಿದ ಗಿಡದ ಸಂತತಿ ದೇಶದಿಂದ ದೇಶಕ್ಕೆ ಹೋಯಿತು. ಆಸ್ಟ್ರೇಲಿಯಾದಲ್ಲಿ 1987ರಲ್ಲಿ ಇದನ್ನು ‘ಅಮರಿಲ್ಯೋ’ ಎಂಬ ತಳಿಯಾಗಿ ಬಿಡುಗಡೆ ಮಾಡಿದರು; ಸ್ಪ್ಯಾನಿಷ್ ಭಾಷೆಯಲ್ಲಿ ಆ ಪದಕ್ಕೆ ಹಳದಿ ಎಂದರ್ಥ. ಸಸ್ಯಶಾಸ್ತ್ರದ ನಿಯಮದಂತೆ ಪ್ರಭೇದದ ಅಧಿಕೃತ ವಿವರಣೆ ಪ್ರಕಟವಾದದ್ದು ಮಾತ್ರ 1994ರಲ್ಲಿ, ಕ್ರಾಪೊವಿಕಸ್ ಮತ್ತು ಗ್ರೆಗರಿ ಎಂಬ ಇಬ್ಬರು ವಿಜ್ಞಾನಿಗಳಿಂದ. ಮೊದಲು ದನಗಳ ಮೇವಾಗಿ, ಹಣ್ಣಿನ ತೋಟಗಳಲ್ಲಿ ಮಣ್ಣು ಕಾಯುವ ಹೊದಿಕೆಯಾಗಿ ಬಳಕೆಗೆ ಬಂದ ಗಿಡ ಅಲಂಕಾರದ ತೋಟಕ್ಕೆ ಕಾಲಿಟ್ಟದ್ದು ಅದರ ಹೂವಿನ ಚೆಲುವಿನಿಂದ.

ಇದೇ ಕುಲದಲ್ಲಿ ಅರಾಚಿಸ್ ಗ್ಲಬ್ರಾಟ ಎಂಬ ಇನ್ನೊಂದು ಬಹುವಾರ್ಷಿಕ ಗಿಡವೂ ನೆಲಹೊದಿಕೆಯಾಗಿ ಮಾರಾಟದಲ್ಲಿದೆ. ಅದರ ಹೂವೂ ಹಳದಿಯೇ ಆದ್ದರಿಂದ ಕೊಳ್ಳುವಾಗ ಗೊಂದಲವಾಗುವುದುಂಟು. ಗ್ಲಬ್ರಾಟ ಮಣ್ಣಿನೊಳಗೆ ಸಾಗುವ ಕಾಂಡದಿಂದ ಹರಡುತ್ತದೆ, ಬೀಜ ಕಟ್ಟುವುದು ಅಪರೂಪ, ಚಳಿಯನ್ನು ಹೆಚ್ಚು ತಾಳುತ್ತದೆ. ಪಿಂಟೋ ಮಣ್ಣಿನ ಮೇಲೆ ಹರಿದಾಡುವ ಕಾಂಡದಿಂದ ಹರಡುತ್ತದೆ, ಧಾರಾಳವಾಗಿ ಬೀಜ ಕಟ್ಟುತ್ತದೆ.

ಹಬ್ಬುವುದು ಎಂದರೇನು?

ಗರಿಕೆ ಹುಲ್ಲು ಹೇಗೆ ಹರಡುತ್ತದೆ ಎಂಬುದನ್ನು ಬಗ್ಗಿ ನೋಡಿದವರಿಗೆ ಇದನ್ನು ವಿವರಿಸುವುದು ಸುಲಭ. ಗರಿಕೆಯ ಎಳೆ ನೆಲದ ಮೇಲೆ ಓಡುತ್ತ ಹೋಗುತ್ತದೆ, ಅದರ ಒಂದೊಂದು ಗಿಣ್ಣೂ ಮಣ್ಣು ತಾಗಿದಲ್ಲಿ ಕೆಳಕ್ಕೆ ಬೇರು, ಮೇಲಕ್ಕೆ ಚಿಗುರು ಬಿಡುತ್ತದೆ. ಪಿಂಟೋ ಶೇಂಗಾದ ಹಬ್ಬುಕಾಂಡವೂ ಹೀಗೆಯೇ. ಎಲೆ ಹುಟ್ಟುವ ಗಂಟಿಗೆ ಗಿಣ್ಣು ಎನ್ನುತ್ತಾರೆ. ಪ್ರತಿ ಗಿಣ್ಣಿನಲ್ಲೂ ಹೊಸ ಗಿಡವಾಗುವ ಶಕ್ತಿ ಅಡಗಿದೆ. ಗಿಣ್ಣು ಬೇರು ಬಿಟ್ಟ ಮೇಲೆ ತಾಯಿಗಿಡದ ನಂಟು ಕಡಿದರೂ ಅದು ಸ್ವತಂತ್ರವಾಗಿ ಬದುಕುತ್ತದೆ.

ಮುಂದೆ ಹೇಳಲಿರುವ ಎಷ್ಟೋ ಸೂಚನೆಗಳ ಮೂಲ ಇದೊಂದೇ ಸಂಗತಿಯಲ್ಲಿದೆ. ಬಳ್ಳಿಯ ತುಂಡನ್ನು ನೆಟ್ಟರೂ ಗಿಡವಾಗುವುದು, ಗಿಣ್ಣು ಮಣ್ಣಿಗೆ ಒತ್ತಿಕೊಂಡಿರದಿದ್ದರೆ ಹರಡುವಿಕೆ ನಿಂತುಹೋಗುವುದು, ಮೇಲಿನಿಂದ ಕತ್ತರಿಸಿದರೆ ಸಾಯುವ ಬದಲು ಇನ್ನಷ್ಟು ದಟ್ಟವಾಗುವುದು, ಎಲ್ಲವೂ ಗಿಣ್ಣಿನ ಮಹಿಮೆ.

ಎಲೆಯ ರಚನೆಯನ್ನೂ ಇಲ್ಲಿಯೇ ಹೇಳಿಬಿಡಬಹುದು. ಒಂದು ತೊಟ್ಟಿನಲ್ಲಿ ಎರಡು ಜೋಡಿ, ಅಂದರೆ ನಾಲ್ಕು ಕಿರುಎಲೆಗಳಿರುತ್ತವೆ. ಸಂಜೆಯಾದಂತೆ ಅವು ಜೋಡಿ ಜೋಡಿಯಾಗಿ ಮಡಚಿಕೊಂಡು ಬೆಳಗ್ಗೆ ಮತ್ತೆ ಬಿಡಿಸಿಕೊಳ್ಳುತ್ತವೆ. ಮೊದಲ ಸಲ ಬೆಳೆಸುವವರು ಸಂಜೆಯ ಹೊತ್ತು ಇದನ್ನು ಕಂಡು ಗಿಡ ಬಾಡಿತೆಂದು ನೀರು ಸುರಿಯುವುದುಂಟು. ಅದು ಬಾಡಿದ್ದಲ್ಲ, ಶೇಂಗಾ ಗಿಡಕ್ಕೂ ಅದರ ಹಲವು ಬಂಧುಗಳಿಗೂ ಇರುವ ರಾತ್ರಿಯ ಅಭ್ಯಾಸ. ನೀರಿನ ಕೊರತೆಯನ್ನು ತಿಳಿಯಬೇಕೆಂದರೆ ಬೆಳಗಿನ ಹೊತ್ತು ಎಲೆ ನೋಡಬೇಕು.

ಹೂವು ಬೆಳಕಿನಲ್ಲಿ, ಕಾಯಿ ಕತ್ತಲಲ್ಲಿ

ಎಲೆಗಳ ನಡುವಿನಿಂದ ಸಣ್ಣ ಕಡ್ಡಿಯಂತೆ ಎದ್ದು ನಿಲ್ಲುವ ಹಳದಿ ಹೂವು ಅವರೆ, ಬಟಾಣಿಗಳ ಹೂವಿನ ಆಕಾರದ್ದು. ಒಂದು ಹೂವಿನ ಆಯುಷ್ಯ ಒಂದೇ ದಿನ. ಆದರೆ ಬಳ್ಳಿಯ ಉದ್ದಕ್ಕೂ ದಿನವೂ ಹೊಸ ಹೂಗಳು ಅರಳುತ್ತಿರುವುದರಿಂದ ಹಾಸು ಬರಿದಾದಂತೆ ಕಾಣುವುದಿಲ್ಲ. ತೇವ ಮತ್ತು ಬೆಚ್ಚನೆಯ ಹವೆ ಇರುವಷ್ಟು ಕಾಲವೂ ಹೂವಿನ ಸಾಲು ಮುಂದುವರಿಯುತ್ತದೆ.

ಹೂವಿಗೆ ಆಸರೆಯಾಗಿ ನಿಂತಂತೆ ಕಾಣುವ ಉದ್ದನೆಯ ಕಡ್ಡಿ ನಿಜಕ್ಕೂ ತೊಟ್ಟಲ್ಲ. ಅದು ಒಂದು ಕೊಳವೆ. ಕಾಯಾಗಬೇಕಾದ ಅಂಡಾಶಯ ಆ ಕೊಳವೆಯ ಬುಡದಲ್ಲಿ, ಕಾಂಡಕ್ಕೆ ಅಂಟಿಕೊಂಡಂತೆ ಇರುತ್ತದೆ. ಪರಾಗಸ್ಪರ್ಶವಾಗಿ ಹೂವು ಬಾಡಿದ ಮೇಲೆ ಆ ಬುಡದಿಂದ ಸೂಜಿಯಂಥ ಒಂದು ತೊಟ್ಟು ಹೊರಟು ನೆಲದತ್ತ ಬಾಗಿ, ಮಣ್ಣನ್ನು ತೂರಿ ಒಳಗೆ ಇಳಿಯುತ್ತದೆ. ಅದರ ತುದಿಯಲ್ಲಿ, ಮಣ್ಣಿನ ಕತ್ತಲೆಯಲ್ಲಿ, ಕಾಯಿ ಕಟ್ಟುತ್ತದೆ. ಕಾಯಿಗಳು ಹೆಚ್ಚಾಗಿ ಮೇಲಿನ 10 ಸೆಂಟಿಮೀಟರು ಮಣ್ಣಿನಲ್ಲಿ ಇರುತ್ತವೆ, ಸಾಮಾನ್ಯವಾಗಿ ಕಾಯಿಗೆ ಒಂದೇ ಬೀಜ. ತನ್ನ ಬೀಜವನ್ನು ಗಾಳಿಗೂ ಹಕ್ಕಿಗೂ ಒಪ್ಪಿಸದೆ ತಾನೇ ಬಿತ್ತಿಕೊಳ್ಳುವ ಈ ಕ್ರಮ ಸಸ್ಯಲೋಕದಲ್ಲಿ ಬಹಳ ವಿರಳ.

ತೋಟಗಾರನಿಗೆ ಇದರಿಂದ ಎರಡು ಪರಿಣಾಮಗಳಿವೆ. ಮಣ್ಣಿನೊಳಗಿನ ಬೀಜದ ಸಂಗ್ರಹದಿಂದಾಗಿ ಬರಗಾಲದಲ್ಲಿ ಮೇಲಿನ ಬಳ್ಳಿ ಒಣಗಿದರೂ ಮಳೆ ಬಂದಾಗ ಹಾಸು ತಾನಾಗಿ ಮರಳುತ್ತದೆ. ಇದು ಒಳ್ಳೆಯ ಪರಿಣಾಮ. ಸೂಜಿತೊಟ್ಟುಗಳು ಸುಲಭವಾಗಿ ಮುರಿಯುವುದರಿಂದ ಗಿಡ ಕಿತ್ತಾಗ ಕಾಯಿಗಳು ಮಣ್ಣಿನಲ್ಲೇ ಉಳಿಯುತ್ತವೆ. ಬೀಜ ಸಂಗ್ರಹಿಸಲು ಮಣ್ಣನ್ನೇ ಜರಡಿ ಹಿಡಿಯಬೇಕಾಗುತ್ತದೆ. ಬೀಜದ ಬೆಲೆ ಹೆಚ್ಚು, ಅದು ಸಿಗುವುದೂ ಕಷ್ಟ ಎಂಬುದರ ಕಾರಣ ಇದೇ.

ಬೇರುಗಂಟು: ಗೊಬ್ಬರ ತಯಾರಾಗುವ ಜಾಗ

ಎಲೆ ಬೆಳೆಯಲು ಗಿಡಕ್ಕೆ ಸಾರಜನಕ ಬೇಕು. ಗಾಳಿಯ ನೂರು ಪಾಲಿನಲ್ಲಿ 78 ಪಾಲು ಸಾರಜನಕವೇ ಇದ್ದರೂ ಯಾವ ಗಿಡವೂ ಅದನ್ನು ನೇರವಾಗಿ ಬಳಸಲಾರದು. ಧಾನ್ಯ ಮನೆಯಲ್ಲಿ ಮೂಟೆಗಟ್ಟಲೆ ಇದ್ದರೂ ಬೇಯಿಸುವವರಿಲ್ಲದಿದ್ದರೆ ಹಸಿವು ನೀಗುವುದಿಲ್ಲವಲ್ಲ, ಹಾಗೆ. ಬೇಯಿಸಿಕೊಡುವ ಕೆಲಸವನ್ನು ಇಲ್ಲಿ ಬ್ರಾಡಿರೈಜೋಬಿಯಂ ಎಂಬ ಬ್ಯಾಕ್ಟೀರಿಯಾ ಮಾಡುತ್ತದೆ. ಅದು ಬೇರಿನೊಳಗೆ ಸೇರಿಕೊಂಡಾಗ ಬೇರಿನ ಮೇಲೆ ಸಣ್ಣ ಸಣ್ಣ ಗಂಟುಗಳು ಏಳುತ್ತವೆ. ಗಿಡ ಅದಕ್ಕೆ ಸಕ್ಕರೆಯ ಅಂಶ ಒದಗಿಸುತ್ತದೆ, ಅದು ಗಾಳಿಯ ಸಾರಜನಕವನ್ನು ಗಿಡ ಬಳಸಬಲ್ಲ ರೂಪಕ್ಕೆ ತಂದುಕೊಡುತ್ತದೆ.

ಈ ಕೊಡುಕೊಳ್ಳುವಿಕೆ ನಡೆಯುತ್ತಿದೆಯೇ ಎಂದು ತಿಳಿಯಲು ಒಂದು ಸರಳ ಪರೀಕ್ಷೆಯಿದೆ. ಒಂದು ಬೇರನ್ನು ಮೆಲ್ಲನೆ ಅಗೆದು ತೆಗೆದು, ಗಂಟೊಂದನ್ನು ಉಗುರಿನಿಂದ ಸೀಳಿ ನೋಡಬೇಕು. ಒಳಗೆ ಗುಲಾಬಿ ಅಥವಾ ಕೆಂಪು ಬಣ್ಣವಿದ್ದರೆ ಕೆಲಸ ನಡೆಯುತ್ತಿದೆ ಎಂದರ್ಥ. ನಮ್ಮ ರಕ್ತದ ಕೆಂಪಿಗೆ ಕಾರಣವಾದ ವಸ್ತುವನ್ನು ಹೋಲುವ ಲೆಗ್‌ಹಿಮೋಗ್ಲೋಬಿನ್ ಎಂಬ ಪದಾರ್ಥದಿಂದ ಆ ಬಣ್ಣ ಬರುತ್ತದೆ. ಒಳಗೆ ಬಿಳಿ ಅಥವಾ ಹಸಿರು ಇದ್ದರೆ ಗಂಟು ಇನ್ನೂ ಎಳೆಯದು, ಇಲ್ಲವೇ ನಿಷ್ಕ್ರಿಯ.

ಹಿಂದೆಂದೂ ಈ ಗಿಡ ಬೆಳೆಯದ ಮಣ್ಣಿನಲ್ಲಿ ತಕ್ಕ ಬ್ಯಾಕ್ಟೀರಿಯಾ ಸಾಕಷ್ಟು ಇಲ್ಲದಿರಬಹುದು. ಆಗ ಚೆನ್ನಾಗಿ ಬೆಳೆದ ಹಳೆಯ ಹಾಸಿನ ಬುಡದಿಂದ ಒಂದು ಬುಟ್ಟಿ ಮಣ್ಣು ತಂದು ಹೊಸ ಮಡಿಯಲ್ಲಿ ಬೆರೆಸುವುದು ಸುಲಭದ ಉಪಾಯ. ಆ ಹಾಸು ರೋಗವಿಲ್ಲದ್ದಾಗಿರಬೇಕು. ಯೂರಿಯಾದಂಥ ಸಾರಜನಕದ ಗೊಬ್ಬರವನ್ನು ಮಾತ್ರ ಸುರಿಯಬಾರದು. ಸಿದ್ಧ ಸಾರಜನಕ ಮಣ್ಣಿನಲ್ಲೇ ಸಿಗುವಾಗ ಗಿಡ ಗಂಟು ಕಟ್ಟುವುದನ್ನು ಕಡಿಮೆ ಮಾಡುತ್ತದೆ, ಅದರ ಲಾಭ ಸುತ್ತಲಿನ ಕಳೆಗೆ ಹೋಗುತ್ತದೆ.

ಯಾವ ಜಾಗ, ಯಾವ ಮಣ್ಣು?

ಇದು ಬೆಚ್ಚನೆಯ, ತೇವವುಳ್ಳ ಪ್ರದೇಶದ ಗಿಡ. ವರ್ಷಕ್ಕೆ 1,000 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವಲ್ಲಿ ಅದು ಹೆಚ್ಚಿನ ಆಸರೆಯಿಲ್ಲದೆ ಬದುಕುತ್ತದೆ, 1,500 ಮಿಲಿಮೀಟರು ಮೀರಿದರೆ ಸೊಂಪಾಗಿ ಬೆಳೆಯುತ್ತದೆ. ಮೂರು ನಾಲ್ಕು ತಿಂಗಳ ಒಣಹವೆಯನ್ನು ಎಲೆ ಉದುರಿಸಿಕೊಂಡು ತಾಳಿಕೊಳ್ಳಬಲ್ಲದು, ಆದರೆ ಆ ಅವಧಿಯಲ್ಲಿ ಹಸಿರಾಗಿಯೇ ಇರಬೇಕೆಂದರೆ ನೀರು ಕೊಡಲೇಬೇಕು. ಹಿಮ ಬಿದ್ದರೆ ಮೇಲಿನ ಎಲೆ, ಕಾಂಡ ಸುಟ್ಟಂತಾಗುತ್ತವೆ. ಮಣ್ಣಿನೊಳಗಿನ ಭಾಗ ಉಳಿದಿದ್ದರೆ ಬಿಸಿಲು ಬಂದಾಗ ಮತ್ತೆ ಚಿಗುರುತ್ತದೆ. ವರ್ಷವೂ ಗಟ್ಟಿಯಾಗಿ ಹಿಮ ಬೀಳುವ ಊರುಗಳಿಗೆ ಈ ಗಿಡ ಹೇಳಿಸಿದ್ದಲ್ಲ.

ಬಿಸಿಲಿಗೂ ನೆರಳಿಗೂ ಒಗ್ಗಿಕೊಳ್ಳುವುದು ಇದರ ದೊಡ್ಡ ಗುಣ. ಪೂರ್ಣ ಬಿಸಿಲಿನಲ್ಲಿ ನೆಲಕ್ಕೆ ಅಂಟಿಕೊಂಡು, ಸಣ್ಣ ಎಲೆಗಳೊಂದಿಗೆ, ಹೆಚ್ಚು ಹೂ ಬಿಡುತ್ತ ಬೆಳೆಯುತ್ತದೆ. ಮರದ ನೆರಳಿನಲ್ಲಿ ಎಲೆ ಅಗಲವಾಗಿ, ತೊಟ್ಟು ಉದ್ದವಾಗಿ, ಹಾಸು ಎತ್ತರವಾಗುತ್ತದೆ, ಹೂ ಕಡಿಮೆಯಾಗುತ್ತದೆ. ಹುಲ್ಲು ಒಲ್ಲದ ನೆರಳಿನ ಮೂಲೆಯನ್ನು ಹಸಿರಾಗಿಸಬೇಕೆಂಬ ಆಸೆ ಇದ್ದವರಿಗೆ ಇದು ತಕ್ಕ ಆಯ್ಕೆ ಎಂದು ಧೈರ್ಯವಾಗಿ ಹೇಳಬಹುದು.

ಮಣ್ಣಿನ ವಿಷಯದಲ್ಲಿ ತಿಳಿಯಬೇಕಾದ ಮುಖ್ಯ ಪದ ರಸಸಾರ. ಮಣ್ಣು ಎಷ್ಟು ಹುಳಿ ಅಥವಾ ಎಷ್ಟು ಕ್ಷಾರ ಎಂಬುದರ ಅಳತೆ ಅದು. 7 ಎಂದರೆ ತಟಸ್ಥ, ಅದಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ. ಪಿಂಟೋ ಶೇಂಗಾ ಹುಳಿ ಮಣ್ಣನ್ನು ಚೆನ್ನಾಗಿ ತಾಳುತ್ತದೆ, ಇತರ ಗಿಡಗಳ ಬೇರು ಮೊಟಕಾಗುವಂಥ ಹುಳಿಮಣ್ಣಿನಲ್ಲೂ ಹಬ್ಬುತ್ತದೆ. ಕ್ಷಾರ ಮಣ್ಣಿನಲ್ಲಿ ಮಾತ್ರ ಅದರ ಎಳೆಯ ಎಲೆಗಳು ಹಳದಿಗಟ್ಟಿ, ನರಗಳಷ್ಟೇ ಹಸಿರಾಗಿ ಉಳಿಯುತ್ತವೆ. ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಕ್ಷಾರದಿಂದಾಗಿ ಅದು ಬೇರಿಗೆ ದಕ್ಕದಿರುವುದು ಇದಕ್ಕೆ ಕಾರಣ. ಕಾಂಪೋಸ್ಟು ಬೆರೆಸುವುದರಿಂದ, ಕಬ್ಬಿಣದ ಅಂಶವುಳ್ಳ ಪೋಷಕವನ್ನು ಎಲೆಗೆ ಸಿಂಪಡಿಸುವುದರಿಂದ ಸ್ವಲ್ಪ ಸುಧಾರಿಸಬಹುದಾದರೂ ತೀರ ಕ್ಷಾರದ ಮಣ್ಣಿನಲ್ಲಿ ಈ ಗಿಡದೊಂದಿಗೆ ಹೋರಾಡುವುದಕ್ಕಿಂತ ಬೇರೆ ಗಿಡ ಆರಿಸಿಕೊಳ್ಳುವುದು ಲೇಸು. ಉಪ್ಪು ನೀರನ್ನೂ ಅದು ಸಹಿಸುವುದಿಲ್ಲ.

ನೆಡುವ ಕ್ರಮ

ಮನೆಯ ತೋಟಕ್ಕೆ ಬೀಜಕ್ಕಿಂತ ಬಳ್ಳಿಯ ತುಂಡೇ ಅನುಕೂಲ. ಬೀಜವೇ ಸಿಕ್ಕಿದ್ದರೆ 2ರಿಂದ 5 ಸೆಂಟಿಮೀಟರು ಆಳದಲ್ಲಿ ಊರಬೇಕು. ಹೊಸದಾಗಿ ತೆಗೆದ ಬೀಜ ಕೆಲಕಾಲ ಸುಪ್ತಾವಸ್ಥೆಯಲ್ಲಿರುವುದರಿಂದ ತಕ್ಷಣ ಮೊಳೆಯದಿದ್ದರೆ ಗಾಬರಿಪಡಬೇಕಿಲ್ಲ.

ತುಂಡುಗಳನ್ನು ಮಳೆಗಾಲದ ಆರಂಭದಲ್ಲಿ ನೆಡುವುದು ಉತ್ತಮ. ಅದಕ್ಕೂ ಎರಡು ಮೂರು ವಾರ ಮೊದಲೇ ಜಾಗ ಅಗೆದು, ಗರಿಕೆ, ಜೇಕಿನ ಗಡ್ಡೆ, ಬೇರುಗಳನ್ನು ಒಂದೂ ಬಿಡದಂತೆ ಆರಿಸಿ, ಒಮ್ಮೆ ನೀರು ಹಾಯಿಸಿ ಬಿಡಬೇಕು. ಮಣ್ಣಿನಲ್ಲಿ ಅಡಗಿದ್ದ ಕಳೆಬೀಜಗಳು ಮೊಳೆತು ಮೇಲೆ ಬರುತ್ತವೆ. ಅವನ್ನು ಕೆರೆದು ತೆಗೆದ ಮೇಲೆಯೇ ನೆಡಬೇಕು. ಈ ಒಂದು ಹಂತವನ್ನು ಬಿಟ್ಟವರೇ ಮುಂದೆ ಹೆಚ್ಚು ನೊಂದುಕೊಳ್ಳುವುದು ಎಂಬುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ತೀರ ಎಳೆಯದೂ ಅಲ್ಲದ, ಮರದಂತೆ ಗಟ್ಟಿಯಾದದ್ದೂ ಅಲ್ಲದ ಬಳ್ಳಿಯನ್ನು ಆರಿಸಿ, ಮೂರರಿಂದ ಐದು ಗಿಣ್ಣುಗಳಿರುವಂತೆ 15ರಿಂದ 25 ಸೆಂಟಿಮೀಟರಿನ ತುಂಡುಗಳನ್ನಾಗಿ ಕತ್ತರಿಸಬೇಕು. ಕತ್ತರಿಸಿದ ತುಂಡುಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ ನೆರಳಿನಲ್ಲಿ ಇಟ್ಟುಕೊಂಡು ಅದೇ ದಿನ ನೆಟ್ಟುಬಿಡಬೇಕು. ಬಿಸಿಲಿನಲ್ಲಿ ಒಂದು ಗಂಟೆ ಬಿದ್ದ ತುಂಡು ಬೇರು ಬಿಡುವ ಭರವಸೆ ಕಡಿಮೆ. ಪ್ರತಿ ತುಂಡಿನ ಮೂರರಲ್ಲಿ ಎರಡು ಪಾಲು ಮಣ್ಣಿನೊಳಗೆ, ಒಂದು ಪಾಲು ಹೊರಗೆ ಇರುವಂತೆ ಓರೆಯಾಗಿ ಊರಿ, ಸುತ್ತಲ ಮಣ್ಣನ್ನು ಗಟ್ಟಿಯಾಗಿ ಒತ್ತಬೇಕು. ಕನಿಷ್ಠ ಎರಡು ಗಿಣ್ಣು ಮಣ್ಣಿನೊಳಗೆ ಇರಲೇಬೇಕು, ಏಕೆಂದರೆ ಬೇರು ಹೊರಡುವುದು ಅಲ್ಲಿಂದಲೇ.

ತುಂಡುಗಳ ನಡುವೆ ಎಷ್ಟು ಅಂತರ ಇರಬೇಕೆಂಬುದು ನಿಮ್ಮ ತಾಳ್ಮೆಯನ್ನು ಅವಲಂಬಿಸಿದೆ. 20 ಸೆಂಟಿಮೀಟರು ಅಂತರದಲ್ಲಿ ಚೌಕವಾಗಿ ನೆಟ್ಟರೆ ಒಂದು ಚದರ ಮೀಟರಿಗೆ 25 ತುಂಡುಗಳು ಬೇಕು, 25 ಸೆಂಟಿಮೀಟರಿಗೆ 16 ಸಾಕು. ದಟ್ಟವಾಗಿ ನೆಟ್ಟಷ್ಟೂ ನೆಲ ಬೇಗ ಮುಚ್ಚುತ್ತದೆ, ಕಳೆ ತೆಗೆಯುವ ಶ್ರಮ ಉಳಿಯುತ್ತದೆ. ತುಂಡುಗಳು ಕಡಿಮೆ ಇದ್ದರೆ ಇಡೀ ಅಂಗಳಕ್ಕೆ ವಿರಳವಾಗಿ ಹಂಚುವ ಬದಲು ಒಂದು ಮೂಲೆಯಲ್ಲಿ ಒತ್ತಾಗಿ ನೆಟ್ಟು, ಅದು ಬೆಳೆದ ಮೇಲೆ ಅಲ್ಲಿಂದಲೇ ತುಂಡು ತೆಗೆದು ಮುಂದುವರಿಸುವುದು ಜಾಣತನ.

ಮೊದಲ ವರ್ಷದ ಪರೀಕ್ಷೆ

ನೆಟ್ಟ ಮೊದಲ ಕೆಲವು ವಾರ ಮೇಲೆ ಏನೂ ನಡೆಯುತ್ತಿಲ್ಲ ಎಂಬಂತೆ ಕಾಣುತ್ತದೆ. ಹಳೆಯ ಎಲೆಗಳು ಕೆಲವು ಉದುರಲೂಬಹುದು. ಗಿಡ ಆಗ ಬೇರಿನ ಕೆಲಸದಲ್ಲಿ ತೊಡಗಿರುತ್ತದೆ. ಈ ಅವಧಿಯಲ್ಲಿ ಮಣ್ಣು ಒಣಗಬಾರದು, ಕೆಸರೂ ಆಗಬಾರದು. ಮಳೆಯಿಲ್ಲದ ದಿನ ಬೆಳಗ್ಗೆ ಹದವಾಗಿ ನೀರು ಕೊಟ್ಟರೆ ಸಾಕು. ಬೆಚ್ಚನೆಯ ಹವೆ, ತೇವ, ದಟ್ಟವಾದ ನೆಡುವಿಕೆ ಮೂರೂ ಕೂಡಿದರೆ ಸುಮಾರು ಆರು ತಿಂಗಳಲ್ಲಿ ನೆಲ ಮುಚ್ಚುತ್ತದೆ. ಒಂದು ಕೊರತೆಯಾದರೂ ಅದು ಒಂದು ವರ್ಷಕ್ಕೆ ಹೋಗಬಹುದು.

ಆ ಖಾಲಿ ಜಾಗವೇ ಕಳೆಗೆ ಆಹ್ವಾನ. ಎತ್ತರಕ್ಕೆ ಬೆಳೆಯುವ ಕಳೆ ಈ ಎಳೆಯ ಬಳ್ಳಿಯ ಮೇಲೆ ನೆರಳು ಕವಿದು ಅದರ ಓಟವನ್ನು ತಡೆಯುತ್ತದೆ. ಹದಿನೈದು ದಿನಕ್ಕೊಮ್ಮೆ ಕೂತು ಕೈಯಿಂದಲೇ ಕಳೆ ಕೀಳುವುದಕ್ಕೆ ಬದಲಿಲ್ಲ. ಸಾಲುಗಳ ನಡುವೆ ಒಣ ಎಲೆ ಅಥವಾ ಹುಲ್ಲು ಹೊದಿಸಬಹುದೇ ಎಂಬ ಪ್ರಶ್ನೆ ಸಹಜ. ತೆಳ್ಳಗೆ ಹೊದಿಸಬಹುದು, ದಪ್ಪ ಹೊದಿಕೆಯ ಮೇಲೆ ಹರಿದ ಬಳ್ಳಿಯ ಗಿಣ್ಣು ಮಣ್ಣನ್ನು ಮುಟ್ಟುವುದಿಲ್ಲ, ಆದ್ದರಿಂದ ಅಲ್ಲಿ ಬೇರೂ ಬಿಡುವುದಿಲ್ಲ. ಗಾಳಿಗೆ ಎದ್ದ ಬಳ್ಳಿಗಳ ಮೇಲೆ ಅಲ್ಲಲ್ಲಿ ಒಂದು ಹಿಡಿ ಮಣ್ಣು ಹಾಕಿ ಒತ್ತಿಕೊಡುತ್ತ ಹೋದರೆ ಹರಡುವ ವೇಗ ಕಣ್ಣಿಗೆ ಕಾಣುವಷ್ಟು ಹೆಚ್ಚುತ್ತದೆ.

ಹಾಸು ಕೂಡಿಕೊಂಡ ಮೇಲೆ

ನೆಲ ಮುಚ್ಚಿದ ನಂತರ ದುಡಿಮೆ ಹಗುರವಾಗುತ್ತದೆ. ವರ್ಷಕ್ಕೆ ಎರಡರಿಂದ ನಾಲ್ಕು ಸಲ 8ರಿಂದ 10 ಸೆಂಟಿಮೀಟರು ಎತ್ತರ ಬಿಟ್ಟು ಕತ್ತರಿಸಿದರೆ ಹಾಸು ಒಂದೇ ಮಟ್ಟದಲ್ಲಿದ್ದು, ಗಿಣ್ಣುಗಳಿಂದ ಹೊಸ ಚಿಗುರು ಬಂದು ಹೂವು ಹೆಚ್ಚುತ್ತದೆ. ಕತ್ತರಿಸಿದ ಸೊಪ್ಪನ್ನು ಅಲ್ಲೇ ಹರಡಬಹುದು ಅಥವಾ ಕಾಂಪೋಸ್ಟಿಗೆ ಹಾಕಬಹುದು. ವರ್ಷಕ್ಕೊಮ್ಮೆ ಪುಡಿಯಾದ ಕಾಂಪೋಸ್ಟನ್ನು ತೆಳ್ಳಗೆ ಎರಚಿದರೆ ಪೋಷಣೆಯ ವಿಷಯ ಮುಗಿಯಿತು.

ತುಳಿತ ಎಷ್ಟು ತಾಳುತ್ತದೆ? ಆಗಾಗ ನಡೆದಾಡಿದರೆ ತೊಂದರೆಯಿಲ್ಲ, ಮಕ್ಕಳು ದಿನವೂ ಓಡಿ ಆಡುವ ಜಾಗದಲ್ಲಿ ಬಳ್ಳಿ ಜಜ್ಜಿ ಹೋಗಿ ನೆಲ ಬರಿದಾಗುತ್ತದೆ. ನಡೆಯುವ ದಾರಿಗೆ ಕಲ್ಲು ಹಾಸಿ ಅದರ ನಡುವೆ ಗಿಡ ಬಿಡುವುದು ವಿವೇಕ. ಹೂವಿಗೆ ಜೇನ್ನೊಣಗಳು ಬರುವುದರಿಂದ ಬರಿಗಾಲಿನಲ್ಲಿ ನಡೆಯುವವರು ನೋಡಿ ಹೆಜ್ಜೆ ಇಡಬೇಕು.

ರೋಗ ಕೀಟಗಳ ಬಾಧೆ ಈ ಗಿಡಕ್ಕೆ ಕಡಿಮೆ. ಒಣಹವೆ ಮುಂದುವರಿದಾಗ ಎಲೆ ಮಸುಕಾಗಿ, ಮೇಲೆ ಸಣ್ಣ ಬಿಳಿ ಚುಕ್ಕೆಗಳು ತುಂಬಿ, ಅಡಿಯಲ್ಲಿ ನವಿರಾದ ಬಲೆ ಕಂಡರೆ ಅದು ಕೆಂಪು ನುಸಿ. ಬರಿಗಣ್ಣಿಗೆ ಧೂಳಿನ ಕಣದಂತೆ ಕಾಣುವ ಈ ಜೀವಿಗೆ ತೇವ ಆಗದು. ಕೆಲವು ದಿನ ಎಲೆಯಡಿಗೆ ತಾಗುವಂತೆ ನೀರು ಚಿಮ್ಮಿಸಿ, ತೀರ ಹಾಳಾದ ಭಾಗವನ್ನು ಕತ್ತರಿಸಿ ತೆಗೆದರೆ ಹತೋಟಿಗೆ ಬರುತ್ತದೆ. ಇಲಿ ಹೆಗ್ಗಣಗಳು ಮಣ್ಣಿನಲ್ಲಿರುವ ಕಾಯಿಗಾಗಿ ನೆಲ ಕೆದಕುವುದುಂಟು.

ಮರದ ಬುಡದಲ್ಲಿ ನೆಡಬಹುದೇ?

ಬಲಿತ ಹಣ್ಣಿನ ಮರಗಳ ಕೆಳಗೆ ನೆಡಬಹುದು. ಮಣ್ಣಿನ ತಂಪು ಉಳಿಯುತ್ತದೆ, ಇಳಿಜಾರಾಗಿದ್ದರೆ ಮಳೆನೀರು ಮಣ್ಣನ್ನು ಒಯ್ಯುವುದು ತಗ್ಗುತ್ತದೆ. ಗಾಳಿಯಿಂದ ಪಡೆದ ಸಾರಜನಕ ಪಕ್ಕದ ಮರಕ್ಕೆ ಕೂಡಲೇ ಹರಿದುಹೋಗುತ್ತದೆ ಎಂಬ ನಂಬಿಕೆ ಮಾತ್ರ ಪೂರ್ತಿ ಸರಿಯಲ್ಲ. ಅದರ ಬಹುಪಾಲು ಮೊದಲು ಗಿಡದ ಎಲೆ ಬೇರುಗಳಲ್ಲೇ ಇರುತ್ತದೆ. ಎಲೆ ಉದುರಿ, ಬೇರು ಕೊಳೆತು, ಕತ್ತರಿಸಿದ ಸೊಪ್ಪು ಕರಗಿದಾಗ ಕ್ರಮೇಣ ಮಣ್ಣಿಗೆ ಸೇರುತ್ತದೆ. ಎಳೆಯ ಸಸಿಗಳ ವಿಷಯ ಬೇರೆ. ಅವುಗಳ ಬೇರು ಇನ್ನೂ ಮೇಲೆಯೇ ಇರುವುದರಿಂದ ನೀರಿಗಾಗಿ ಪೈಪೋಟಿ ಬೀಳುತ್ತದೆ. ಸಸಿಯ ಸುತ್ತ ಅರ್ಧ ಮೀಟರಿನಷ್ಟು ವೃತ್ತವನ್ನು ಎರಡು ಮೂರು ವರ್ಷ ಬರಿದಾಗಿಡಬೇಕು.

ಎಲ್ಲೆ ಕಾಯುವುದು, ಬೇಡವಾದಾಗ ತೆಗೆಯುವುದು

ಚೆನ್ನಾಗಿ ಹಬ್ಬುವ ಗಿಡಕ್ಕೆ ಎಲ್ಲಿ ನಿಲ್ಲಬೇಕೆಂಬುದನ್ನು ನಾವೇ ಹೇಳಬೇಕಾಗುತ್ತದೆ. ತರಕಾರಿ ಮಡಿ ಅಥವಾ ಸೂಕ್ಷ್ಮವಾದ ಹೂಗಿಡಗಳ ಪಕ್ಕದಲ್ಲಿ ನೆಟ್ಟರೆ ಅಂಚಿನಲ್ಲಿ ಒಂದು ಗೇಣು ಅಗಲದ ಕಲ್ಲು ಇಟ್ಟಿಗೆಗಳ ಪಟ್ಟಿ ಇರಲಿ, ತಿಂಗಳಿಗೊಮ್ಮೆ ಪಟ್ಟಿ ದಾಟಿದ ಬಳ್ಳಿಯನ್ನು ಕತ್ತರಿಸಿ. ಕಾಡಿನ ಅಥವಾ ಹೊಳೆಯ ಅಂಚಿನಲ್ಲಿ ಇದನ್ನು ನೆಡದಿರುವುದು, ಕತ್ತರಿಸಿದ ಬಳ್ಳಿಯನ್ನು ಅಂಥ ಕಡೆ ಎಸೆಯದಿರುವುದು ಒಳ್ಳೆಯದು. ಗಿಣ್ಣಿರುವ ಒಂದು ತುಂಡು ತೇವ ಸಿಕ್ಕಲ್ಲಿ ಬೇರು ಬಿಡಬಲ್ಲದು.

ಮುಂದೊಂದು ದಿನ ಆ ಜಾಗ ಬೇರೆ ಕೆಲಸಕ್ಕೆ ಬೇಕೆನಿಸಿದರೆ ಬಳ್ಳಿ ಕಿತ್ತರಷ್ಟೇ ಸಾಲದು. ಹಳೆಯ ಗಿಡದ ತಾಯಿಬೇರು ದಪ್ಪವಾಗಿ ಆಳಕ್ಕೆ ಇಳಿದಿರುತ್ತದೆ, ಅದರ ತಲೆಯಿಂದ ಮತ್ತೆ ಚಿಗುರುತ್ತದೆ. ಜೊತೆಗೆ ಮಣ್ಣಿನಲ್ಲಿ ವರ್ಷಗಳಿಂದ ಕೂಡಿಟ್ಟ ಕಾಯಿಗಳಿವೆ. ಮೇಲಿನ 10ರಿಂದ 15 ಸೆಂಟಿಮೀಟರು ಮಣ್ಣನ್ನು ಅಗೆದು ಬೇರು, ಕಾಯಿಗಳನ್ನು ಆರಿಸಿ, ಆಮೇಲೆ ಪ್ರತಿ ಮಳೆಯ ನಂತರ ಮೊಳೆತ ಸಸಿಗಳನ್ನು ಎಳೆಯವಾಗಿರುವಾಗಲೇ ಕೀಳುತ್ತಿರಬೇಕು. ಈ ಕೆಲಸ ಒಂದೇ ಋತುವಿನಲ್ಲಿ ಮುಗಿಯುವುದು ಅಪರೂಪ.